ಆರೋಹಣದಲ್ಲಿ ರೋಹು

ಕೆನಡಾದ ಹಾಡುಗಾರರ ಹೆಸರಿಗೆ ಮೀನು ಸಿಕ್ಕಿಸಿ ನಗುವ ಆಟವೊಂದಿದೆ. ನೀಲ್ ಯಂಗ್ ಹೆಸರಿನ ಮೊದಲ ಸದ್ದು ಕಿತ್ತರೆ ಈಲ್ ಯಂಗ್. ಈಲ್ ಎಂದರೆ ನಮ್ಮ ಹಾವುಮೀನು. ಆನ್ ಮರ್ರೆಯ ಹೆಸರನ್ನು ಸ್ವಲ್ಪ ಎಳೆದರೆ ಆನ್ ಮೊರೇ, ಅದು ಕಡಲ ಹಾವುಮೀನು. ಲೆನಾರ್ಡ್ ಕೋಹೆನ್ ಕೋಹೋ ಆಗುತ್ತಾರೆ. ಅದು ಅಲ್ಲಿಯ ಪಶ್ಚಿಮ ತೀರದ ಸಾಲ್ಮನ್. ಅವರ 1984ರ ‘ಹಲ್ಲೆಲೂಯಾ’ಕ್ಕೆ ‘ಹ್ಯಾಲಿಬಟ್‌ಲೂಯಾ’ ಎಂದು ಮರುನಾಮಕರಣ. ಹ್ಯಾಲಿಬಟ್ ತಣ್ಣನೆಯ ಕಡಲಿನ ಭಾರೀ ಚಪ್ಪಟೆ ಮೀನು, ಮಂಗಳೂರಿನ ನಂಗ್‌ಗೆ ದೂರದ ದಾಯಾದಿ.

ಅವರಿಗೆ ಇದು ಸಲೀಸು. ಎರಡು ಮಹಾಸಾಗರಗಳ ನಡುವಿನ ದೇಶ. ಕಾಡ್ ಮೀನಿನ ಸಂತತಿ ಕುಸಿಯಿತೆಂದು 1992ರಲ್ಲಿ ಅದರ ಬೇಟೆ ನಿಲ್ಲಿಸಿದಾಗ ನ್ಯೂಫೌಂಡ್‌ಲ್ಯಾಂಡಿನ ಊರೂರೇ ಕೆಲಸವಿಲ್ಲದೆ ಕುಳಿತವು. ಮೀನು ಅಷ್ಟರಮಟ್ಟಿಗೆ ಬದುಕಿನಲ್ಲಿದ್ದರೆ ಮಾತಿನಲ್ಲೂ ತಾನಾಗಿಯೇ ನುಸುಳುತ್ತದೆ.

ಈರುಳ್ಳಿ, ಶೇಂಗಾ, ಮೆಕ್ಕೆಜೋಳದ ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಈ ಆಟ ನಡೆದೀತೆ? ಮಳೆ ಮುಖ ನೋಡಿ ಬದುಕುವ ಜಿಲ್ಲೆ, ಮೀನು ಮುಟ್ಟದ ಮನೆಗಳೂ ಬೇಕಾದಷ್ಟು. (ಹಾಗೆ ನೋಡಿದರೆ ಅವರಿಗೇ ಈ ಆಟ ಹೆಚ್ಚು ಒಗ್ಗಬೇಕು. ಅಗಿಯುವುದು ಬರೀ ಮಾತನ್ನು, ಮುಳ್ಳಿನ ಭಯವಿಲ್ಲ.) ಆದರೂ ನಡೆಯುತ್ತದೆ ಎಂಬುದಕ್ಕೆ ದುರ್ಗದವರೇ ಆದ ತ.ರಾ.ಸು. ಅರಿಯದೆಯೇ ಸಾಕ್ಷಿ ಬಿಟ್ಟುಹೋಗಿದ್ದಾರೆ.

ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಸಿನಿಮಾಕ್ಕೆ ತ.ರಾ.ಸು. ಅವರ ಮೂರು ಕಾದಂಬರಿಗಳು ಆಧಾರ: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಮೂರನೆಯದರ ತಕ್ಕೆ ಸಕಾರದೊಂದಿಗೆ ಒಂದು ಯಕಾರವನ್ನೂ ಒತ್ತು ಕೊಟ್ಟು, ಕೊನೆಯ ರಕಾರ ಬಿಟ್ಟು ನೋಡಿ. ಸರ್ಪಮತ್ಸ್ಯ! ಹಾವುಮೀನಿಗೆ ಇದಕ್ಕಿಂತ ಶುದ್ಧ ಸಂಸ್ಕೃತ ಹೆಸರು ಯಾವ ಪಂಡಿತನಿಗೂ ಹೊಳೆಯದು. ನೀಲ್ ಯಂಗ್ ಅವರ ‘ಹಾರ್ಟ್ ಆಫ್ ಗೋಲ್ಡ್’ ಬಂದದ್ದೂ ‘ನಾಗರಹಾವು’ ತೆರೆ ಕಂಡದ್ದೂ ಒಂದೇ ವರ್ಷ, 1972ರಲ್ಲಿ. ಟೊರಾಂಟೊದಲ್ಲಿ ಹುಟ್ಟಿದ ಈಲ್, ದುರ್ಗದ ಕೋಟೆಯ ಸರ್ಪಮತ್ಸ್ಯ, ಎರಡೂ ಆ ವರ್ಷ ಜೊತೆಯಾಗಿಯೇ ಈಜಿದವೆನ್ನಿ. ಆ ಚಿತ್ರಕ್ಕೆ ವಿಜಯಭಾಸ್ಕರ್ ಸಂಗೀತ. ಪಿ.ಬಿ. ಶ್ರೀನಿವಾಸ್ ಹಾಡಿದ, ನಿಧಾನಗತಿಯಲ್ಲಿ ಚಿತ್ರಿಸಿದ ‘ಬಾರೇ ಬಾರೇ’ ಹಾಡಿನಲ್ಲಿ ನಾಯಕ ಒಂದು ತಾರೆಯನ್ನು ಕರೆಯುತ್ತಾನಲ್ಲ, ಆ ತಾರೆಗೆ ನಡುವೆ ಒಂದು ಲಕಾರ ಸೇರಿಸಿದರೆ ತಾರ್ಲೆ. ಮಂಗಳೂರಿನ ಬೂತಾಯಿಗೆ ಕಾರವಾರದ ಕೊಂಕಣಿಯಲ್ಲಿ ಅದೇ ಹೆಸರು. ನಿಧಾನಗತಿಯಲ್ಲಿ ಬರುವ ಬೂತಾಯಿಯನ್ನು ಊಹಿಸಿಕೊಳ್ಳಿ.

ತ.ರಾ.ಸು. ಅವರ ಇನ್ನೊಂದು ಕಾದಂಬರಿ ‘ಹಂಸಗೀತೆ’ಯಂತೂ ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಜಿ.ವಿ. ಅಯ್ಯರ್ ಅದನ್ನು 1975ರಲ್ಲಿ ಸಿನಿಮಾ ಮಾಡಿದರು. ಅದರ ಗಾಯನಕ್ಕೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಇಲ್ಲಿ ಹಂಸ ತೆಗೆದು ಮೀನು ಇಡಲು ಹೋದರೆ ಆಟ ಸಪ್ಪೆ. ‘ಮೀನಗೀತೆ’ಗೆ ಯಾರೂ ನಗುವುದಿಲ್ಲ. ಹಂಸಧ್ವನಿಯನ್ನು ಮೀನಧ್ವನಿ ಮಾಡಿದರೆ ತುಸು ವಾಸಿ. ಬಾಯಿ ಮಾತ್ರ ತೆರೆದು ಮುಚ್ಚುತ್ತ ಹಾಡಬೇಕಾದ ರಾಗ ಅದು. ಗಂಟಲು ಕೆಟ್ಟ ದಿನ ಕಛೇರಿಗೆ ಒದಗುತ್ತದೆ.

ಈ ವಿದ್ಯೆಗೆ ನಮ್ಮಲ್ಲಿ ಗುರು ಎಂದರೆ ಕೈಲಾಸಂ. ‘ಟಿಪ್ಪೆರರಿ’ ಎಂಬ ಐರ್ಲೆಂಡಿನ ಊರು ಅವರ ಕೈಗೆ ಸಿಕ್ಕು ‘ತಿಪ್ಪಾರಳ್ಳಿ’ಯಾಯಿತು. ಇಂಗ್ಲಿಷಿನ ‘ಕಾನ್‌ಸ್ಟಾಂಟಿನೋಪಲ್’ ಹಾಡಿನ ಧಾಟಿಯಲ್ಲಿ ‘ಕೋಳೀಕೆ ರಂಗ’ ಹುಟ್ಟಿದ. ಸದ್ದು ಹಾಗೇ ಇರಬೇಕು, ಅರ್ಥ ಮಾತ್ರ ಕಾಲು ಜಾರಬೇಕು. ಜಾರಿ ಬಿದ್ದ ಜಾಗ ಕೇಳುವವನಿಗೆ ಪರಿಚಿತವೂ ಆಗಿರಬೇಕು. ಹ್ಯಾಲಿಬಟ್ ಕಾಣದ ಹೊಳಲ್ಕೆರೆಯವರಿಗೆ ಹ್ಯಾಲಿಬಟ್‌ಲೂಯಾ ವಿವರಿಸುವ ಹೊತ್ತಿಗೆ ನಗು ಹಳಸಿರುತ್ತದೆ. ಹೆಸರಿನಲ್ಲೇ ಕೆರೆ ಇಟ್ಟುಕೊಂಡ ಆ ಊರಿಗೆ ಕೆರೆಯ ಮೀನೇ ಆಗಬೇಕು.

ಕೆರೆಯ ಮೀನೆಂದರೆ ಈಗ ಯಾರು? ರೋಹು, ಕಾಟ್ಲಾ, ಮೃಗಾಲ್. ಮೂರೂ ಗಂಗೆಯ ಬಯಲಿನವು, ಬಿತ್ತನೆ ಮರಿಗಳಾಗಿ ದಕ್ಷಿಣದ ಕೆರೆಗಳಿಗೆ ಬಂದವು. ಹೆಸರುಗಳೂ ಅಲ್ಲಿಯವೇ. ಆದರೆ ನಮ್ಮ ಸಂಗೀತ ಅವುಗಳಿಗೆ ಮೊದಲೇ ಜಾಗ ಕಾದಿರಿಸಿತ್ತು. ಆರೋಹಣವನ್ನು ಬಿಡಿಸಿ ಹೇಳಿ: ಆ ರೋಹು ಹಣ! ಗಿರಾಕಿ ಚೌಕಾಸಿಗೆ ನಿಂತ, ದರ ಇಳಿಯಿತು ಎಂದರೆ ಅವರೋಹಣ. ತಾಳಕ್ಕೆ ಗಾಳ ಹೇಗೂ ಪ್ರಾಸ ಕೊಡುತ್ತದೆ. ಹಿಂದೂಸ್ತಾನಿಯವರ ಮೀಂಡ್ ಕೂಡ ಕಡೆಯ ಡಕಾರವೊಂದನ್ನು ನುಂಗಿದರೆ ಮೀನೇ. ಬೇಂದ್ರೆಯವರ ಪದಗಳನ್ನು ನಾಡಿಗೆಲ್ಲ ಹಾಡಿ ತಿರುಗಿದ ಹುಕ್ಕೇರಿ ಬಾಳಪ್ಪನವರ ಹೆಸರಿನಲ್ಲಂತೂ ಪೂರ್ತಿ ಬೇಟೆಯೇ ಅಡಗಿದೆ: ಹುಕ್ಕು ಏರಿ ಬಂದ ಬಾಳೆ ಮೀನು. ಹಿರಿಯರು ಕ್ಷಮಿಸಬೇಕು.

ಹಿರಿಯೂರಿನವರ ಪಾಲಿಗೆ ಇನ್ನೂ ಒಳ್ಳೆಯದೊಂದಿದೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಕರ್ನಾಟಕ ಸಂಗೀತದ ತೋಡಿ ರಾಗವನ್ನು ಕೋಡಿ ರಾಗ ಎನ್ನಿ. 89 ವರ್ಷಕ್ಕೊಮ್ಮೆ ಹಾಡುವ ಅಪರೂಪದ ರಾಗ! 2025ರ ಜನವರಿಯಲ್ಲಿ ಜಲಾಶಯ ಮತ್ತೆ ಕೋಡಿ ಬಿದ್ದು ಈ ಚಟಾಕಿಯನ್ನು ಅರ್ಧ ಕೆಡಿಸಿತು. ರೈತರಿಗೆ ಒಳ್ಳೆಯದಾಯಿತಲ್ಲ, ಹೋಗಲಿ ಬಿಡಿ.

ಹೊಸದುರ್ಗದ ವಿಷಯದಲ್ಲಿ ಭೂಪಟವೇ ಶ್ಲೇಷೆ ಮಾಡಿಟ್ಟಿದೆ. ಹೊಸದುರ್ಗ ಎರಡು. ಒಂದು ಮಾರಿಕಣಿವೆಯ ಹಿನ್ನೀರು ಚಾಚಿರುವ ನಮ್ಮ ತಾಲ್ಲೂಕು, ಇನ್ನೊಂದು ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿ, ಇಕ್ಕೇರಿ ಅರಸರ ಕೋಟೆಯಿರುವ ಕಡಲಂಚಿನ ಊರು. ಆ ಹೊಸದುರ್ಗದಿಂದ ಉತ್ತರಕ್ಕೆ ಮಂಗಳೂರಿನವರೆಗೆ ಬಂದರೆ ಮಾತಾಡುವ ಮೀನುಗಳದ್ದೇ ರಾಜ್ಯ. ಬೂತಾಯಿಗೆ ಮಹಾಪ್ರಾಣ ಕೊಟ್ಟರೆ ಭೂತಾಯಿ. ನಂಗ್ ಎಂದರೆ ಮೀನೂ ಹೌದು, ‘ನಂಗ್ ಬೇಕು’ ಎಂಬ ಹಟವೂ ಹೌದು. ಮಾಂಜಿ ಎಂದರೆ ಅಲ್ಲಿ ಪಾಂಫ್ರೆಟ್, ಕಛೇರಿಯಲ್ಲಿ ಭೈರವಿಗೆ ಹತ್ತಿರದ ಒಂದು ರಾಗ. ಅಕ್ಷರ ಕೂಡ ಬದಲಿಸಬೇಕಿಲ್ಲ. ರಾಗಕ್ಕೂ ಸಾರಿಗೂ ಒಂದೇ ಹೆಸರು.

ಕಾಣೆ ಮೀನು ಬಂದಾಗ ಮಾತ್ರ ನಾನು ತಡೆಯುತ್ತೇನೆ. ‘ಕಾಣದಂತೆ ಮಾಯವಾದನು’ ಹಾಡನ್ನು ಕಾಣೆಯಂತೆ ಮಾಯ ಮಾಡುವುದು ಎರಡಕ್ಷರದ ಕೆಲಸ, ಮೊದಲಾಗಿದ್ದರೆ ಊಟದ ಎಲೆಯ ಮುಂದೆ ಚೆನ್ನಾಗಿಯೇ ನಡೆಯುತ್ತಿತ್ತು. 1982ರ ‘ಚಲಿಸುವ ಮೋಡಗಳು’ ಚಿತ್ರಕ್ಕೆ ಅದನ್ನು ಹಾಡಿದ ಹುಡುಗ ಪುನೀತ್. 2021ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡ ಮೇಲೆ ಆ ಹಾಡಿನ ಜೊತೆ ಚೇಷ್ಟೆಗೆ ಬಾಯಿ ಬರುವುದಿಲ್ಲ. ಸದ್ದು ಎಷ್ಟು ಚೆನ್ನಾಗಿ ಕೂಡಿದರೂ ಕೆಲವನ್ನು ಬಿಟ್ಟುಬಿಡಬೇಕು.

ಹಾಡಿನ ಕಡೆಯಿಂದ ಹೊರಟವರಿಗೆ ಮೀನಿನ ಹೆಸರು ಸಾಲದೆ ಬರುತ್ತದೆ. ಆದ್ದರಿಂದ ಮೀನಿನ ಕಡೆಯಿಂದ ಹೊರಡಿ. ಹಿರಿಯೂರಿನ ಕಡೆ ಹೋದಾಗ ಮೀನು ಮಾರುವವರ ಮುಂದೆ ಸ್ವಲ್ಪ ಹೊತ್ತು ನಿಂತು ಬುಟ್ಟಿಯಲ್ಲಿರುವ ಒಂದೊಂದಕ್ಕೂ ಅವರು ಏನನ್ನುತ್ತಾರೆ ಕೇಳಿಕೊಳ್ಳಿ. ಆಫ್ರಿಕಾದಿಂದ ಬಂದ ತಿಲಾಪಿಯಾವನ್ನು ಅವರು ಜಿಲೇಬಿ ಎಂದರೆ ಗಾಬರಿಯಾಗಬೇಡಿ. ಜಿಲೇಬಿಗೆ ತಕ್ಕ ಹಾಡು ನನಗಿನ್ನೂ ಹೊಳೆದಿಲ್ಲ. ನಿಮಗೆ ಹೊಳೆದರೆ ಬರೆದು ತಿಳಿಸಿ.