ಹದಿನಾಲ್ಕು ಗುಳಿ, ಎಪ್ಪತ್ತು ಕಾಯಿ

ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆಯ ಹಳೆಯ ಮನೆಗಳ ಅಟ್ಟ ಹುಡುಕಿದರೆ ಅಳಗುಳಿ ಮಣೆಯೊಂದು ಇನ್ನೂ ಸಿಕ್ಕೀತು. ಎರಡು ಸಾಲಿನಲ್ಲಿ ಏಳೇಳು ಗುಳಿ ಕೊರೆದ ಮರದ ಮಣೆ. ಮಕ್ಕಳ ಗಮನ ಒಂದೆಡೆ ನಿಲ್ಲುತ್ತಿಲ್ಲ, ಓದಿದ್ದು ತಲೆಯಲ್ಲಿ ಉಳಿಯುತ್ತಿಲ್ಲ ಎಂದು ಕೊರಗುವ ಅಪ್ಪ-ಅಮ್ಮಂದಿರು ಹೊಸ ಆ್ಯಪ್ ಹುಡುಕುವ ಮುಂಚೆ ಈ ಮಣೆಯ ಧೂಳು ಕೊಡವಬೇಕು ಎಂಬುದು ನನ್ನ ಬಲವಾದ ಅನಿಸಿಕೆ.

ಆಟ ಕಲಿಯಲು ಹೆಚ್ಚು ಹೊತ್ತು ಬೇಡ. ಗುಳಿಗೆ ಐದರಂತೆ ಎಪ್ಪತ್ತು ಹುಣಸೆ ಬೀಜವನ್ನೋ ಗುಲಗಂಜಿಯನ್ನೋ ತುಂಬಿ ಇಬ್ಬರು ಎದುರುಬದುರು ಕೂರಬೇಕು. ತನ್ನ ಸಾಲಿನ ಒಂದು ಗುಳಿಯ ಕಾಯಿಗಳನ್ನೆಲ್ಲ ಬಾಚಿ, ಮುಂದಿನ ಗುಳಿಗಳಿಗೆ ಒಂದೊಂದೇ ಬಿಡುತ್ತ ಹೋಗುವುದು. ಕೈ ಬರಿದಾದಾಗ ಅದರ ಮುಂದಿನ ಗುಳಿಯದನ್ನು ಎತ್ತಿ ಮತ್ತೆ ಹಂಚುವುದು. ಮುಂದೆ ಬರಿಗುಳಿ ಸಿಕ್ಕಿತೋ, ಅದನ್ನು ಬೆರಳಲ್ಲಿ ಸವರಿ ಅದರಾಚೆಯ ಗುಳಿಯಲ್ಲಿದ್ದಷ್ಟನ್ನೂ ಗೆದ್ದುಕೊಳ್ಳುವುದು. ಆಟ ಎದುರಿನವರಿಗೆ ಹೋಗುತ್ತದೆ. ಮನೆಯಿಂದ ಮನೆಗೆ ನಿಯಮ ತುಸು ಬದಲಾಗುವುದುಂಟು. ಗುಳಿಗೆ ನಾಲ್ಕೇ ಹಾಕುವವರೂ ಇದ್ದಾರೆ.

ಐದರ ಲೆಕ್ಕದಲ್ಲಿ ಮೊದಲ ಆಟವನ್ನು ಯಾವ ಗುಳಿಯಿಂದ ಎತ್ತಿದರೂ ಐದು ಸಲ ಹಂಚಿದ ಮೇಲೆ ಏಳು ಕಾಯಿ ಕೈಗೆ ಬರುತ್ತದೆ. ಆಮೇಲೆ ಮಣೆಯ ಚಹರೆಯೇ ಬೇರೆ. ಒಂದು ಗುಳಿಯಲ್ಲಿ ಎಂಟು, ಪಕ್ಕದ ಎರಡು ಬರಿದು, ಅದರಾಚೆ ಒಂದೇ ಒಂದು. ಯಾವುದನ್ನು ಎತ್ತಿದರೆ ಕೊನೆಯ ಕಾಯಿ ಎಲ್ಲಿ ಬೀಳುತ್ತದೆ ಎಂದು ಕೈ ಹಾಕುವ ಮೊದಲೇ ಮನಸ್ಸಿನಲ್ಲಿ ನಡೆಸಿ ನೋಡಬೇಕು. ಮುಟ್ಟಿ ಎಣಿಸಬಾರದು ಎಂದು ಅಜ್ಜಿಯರು ಕಟ್ಟುನಿಟ್ಟು ಮಾಡುವ ಮನೆಯಲ್ಲಂತೂ ಆಟ ಇನ್ನೂ ಬಿಗಿ. ಒಂದರ ಮೇಲೊಂದು ಬಿದ್ದ ಬೀಜಗಳು ಎಂಟೋ ಒಂಬತ್ತೋ ಕಣ್ಣಿಗೆ ತಿಳಿಯುವುದಿಲ್ಲ. ಎದುರಿನವರು ಹಂಚುವಾಗ ನೋಡಿದ್ದನ್ನು ನೆನಪಿಟ್ಟುಕೊಂಡಿರಬೇಕು. ತನ್ನ ಆಟವಲ್ಲದ ಹೊತ್ತಿನಲ್ಲೂ ಗಮನ ಕದಲದಂತೆ ಮಾಡುವ ಈ ಗುಣವೇ ನನಗೆ ದೊಡ್ಡದಾಗಿ ಕಾಣುವುದು.

ಮಣೆ ಇಲ್ಲದಿದ್ದರೆ ಚೌಕಾಬಾರ ಇದೆ. ನೆಲದ ಮೇಲೆ ಬಳಪದಲ್ಲಿ 25 ಮನೆ ಬರೆದರಾಯಿತು. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಗರ ಅದೃಷ್ಟದ್ದು, ಯಾವ ಕಾಯಿ ನಡೆಸಬೇಕು, ಯಾವುದನ್ನು ಕಟ್ಟೆಯಲ್ಲಿ ಕಾಯಿಸಬೇಕು ಎಂಬ ಯೋಚನೆ ಆಡುವವರದು. 3 ಹುಲಿ, 15 ಕುರಿಗಳ ಹುಲಿ-ಕುರಿ ಆಟದಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ. ಶಿವರಾತ್ರಿಯ ಜಾಗರಣೆಯಲ್ಲಿ ನಿದ್ದೆ ತಡೆಯಲು ಹಿರಿಯರು ಇಂಥ ಆಟಗಳನ್ನೇ ನೆಚ್ಚಿಕೊಂಡಿದ್ದರು.

ಹಂಪಿಯ ಕಲ್ಲುಹಾಸಿನಲ್ಲಿ ಕೊರೆದ ಆಟದ ಮನೆಗಳನ್ನು ಸಂಶೋಧಕರು ದಾಖಲಿಸಿದ್ದಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಆಟಗಳನ್ನು ರಚಿಸಿದವರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನದ ಮೂಲಕ ಮಣೆ, ಪಗಡೆ ಹಾಸುಗಳನ್ನು ಮತ್ತೆ ಜನರ ಕೈಗೆ ತಲುಪಿಸಿದೆ.

ಆಡಿದೊಡನೆ ಪರೀಕ್ಷೆಯ ಅಂಕ ಏರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದಲ್ಲಿ 75 ದಾಟಿದ 469 ಮಂದಿಯನ್ನು ಗಮನಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಣೆಯಾಟ, ಓದು, ವಾದ್ಯ, ನೃತ್ಯಗಳಲ್ಲಿ ತೊಡಗಿದ್ದವರಲ್ಲಿ ಮರೆಗುಳಿತನ ಕಡಿಮೆ ಕಂಡುಬಂದಿತ್ತು. ಆಟದಿಂದಲೇ ಹಾಗಾಯಿತೆಂದು ಅದು ಸಾಬೀತು ಮಾಡುವುದಿಲ್ಲ. ಆದರೂ ಅಜ್ಜಿ-ಮೊಮ್ಮಗಳು ಸಮಸಮವಾಗಿ ಕೂತು ಆಡಬಹುದಾದ ಆಟ ಬೇರೆ ಎಷ್ಟಿವೆ?

ಚಿಕ್ಕ ಮಕ್ಕಳಿಗೆ ಗುಳಿಗೆ ಮೂರು ಬೀಜ ಹಾಕಿ, ಎಣಿಸಲು ಬಿಟ್ಟು ಆರಂಭಿಸಿ. ಕೈ ಪಳಗಿದ ಮೇಲೆ ಐದಕ್ಕೇರಿಸಿ, ಮುಟ್ಟುವುದನ್ನು ನಿಲ್ಲಿಸಿ. ಮಣೆ ಸಿಗದವರು ಅಂಗಳದ ಮಣ್ಣಿನಲ್ಲೇ ಗುಳಿ ತೋಡಿಕೊಳ್ಳಬಹುದು.