ಹಂದಿಮರಿಯ ಉರಿಯೂತಕ್ಕೆ ಕಡಿವಾಣ ಹಾಕೋರು ಯಾರು?

ಹಾಲು ಬಿಡಿಸಿದ ವಾರವೇ
ಹಂದಿಮರಿಗೆ ಭೇದಿ ಶುರುವಾಗೋದು ಯಾಕೆ?

ಫಾರಂಗಳಲ್ಲಿ ಮೂರು-ನಾಲ್ಕು ವಾರಕ್ಕೇ
ಮರೀನ ತಾಯಿಯಿಂದ ಬೇರೆ ಮಾಡ್ತಾರೆ.
ಹಾಲು ಹೋಯ್ತು, ಒಣ ಫೀಡ್ ಬಂತು.
ಇದೇ ಸಮಯ ಅಂತ ಇ. ಕೋಲಿ ಬ್ಯಾಕ್ಟೀರಿಯಾ
ಕರುಳಲ್ಲಿ ಹೆಚ್ಚಾಗುತ್ತೆ.
ಕರುಳು ಕೆಂಪಾಗುತ್ತೆ, ಊದಿಕೊಳ್ಳುತ್ತೆ.
ಅದೇ ಉರಿಯೂತ.

ಉರಿಯೂತ ಬೇಕು ಕಣ್ರೀ, ರೋಗಾಣು ಸಾಯ್ಬೇಕಲ್ಲ!
ಅತಿಯಾದ್ರೆ ಮಾತ್ರ ಕರುಳೇ ಹಾಳು.

ಹಾಗಾದ್ರೆ ತಗ್ಗಿಸೋದು ಯಾರು?
ಮೈಕ್ರೋ ಆರ್‌ಎನ್‌ಎ.
ಬರೀ 22 ಅಕ್ಷರದಷ್ಟು ಪುಟ್ಟ ತುಣುಕು.
ಇದರಿಂದ ಯಾವ ಪ್ರೋಟೀನೂ ತಯಾರಾಗಲ್ಲ.

ಕುಕ್ಕರ್ ನೋಡಿದ್ದೀರಲ್ಲ?
ಆವಿ ಜಾಸ್ತಿಯಾದ್ರೆ
ಆ ಆವಿನೇ ವೆಯ್ಟ್ ಎತ್ತಿ ಹೊರಗೆ ಬರುತ್ತೆ.
ಇಲ್ಲೂ ಹಾಗೇ.
ಉರಿಯೂತ ಏರಿಸೋ ಸಿಗ್ನಲ್ಲೇ
ಮಿರ್-146ಎ ಅನ್ನೋ ಆರ್‌ಎನ್‌ಎಯನ್ನೂ ಹುಟ್ಟಿಸುತ್ತೆ.
ಅದು ಹೋಗಿ,
ಆ ಸಿಗ್ನಲ್ ಸಾಗಿಸೋ ಪ್ರೋಟೀನು
ತಯಾರಾಗದ ಹಾಗೆ ತಡೆಯುತ್ತೆ.

ಎಲ್ಲವೂ ಇಷ್ಟು ಸಾಧು ಅಲ್ಲ ಮತ್ತೆ.
ಮಿರ್-155 ಇದೆಯಲ್ಲ,
ಅದು ಸಾಮಾನ್ಯವಾಗಿ ಉರಿಯೂತ ಏರಿಸೋ ಪಾರ್ಟಿ!

ಈ ಎರಡೂ ನಮ್ಮ ಮೈಯಲ್ಲೂ ಇವೆ.
ಮೈಕ್ರೋ ಆರ್‌ಎನ್‌ಎ ಕಂಡುಹಿಡಿದ
ಆಂಬ್ರೋಸ್, ರವ್‌ಕುನ್ ಇಬ್ಬರಿಗೆ
2024ರ ನೊಬೆಲ್ ಬಂತು.
ಅವರು ಮೊದಲು ಕಂಡಿದ್ದು ಹಂದೀಲೂ ಅಲ್ಲ, ಮನುಷ್ಯನಲ್ಲೂ ಅಲ್ಲ.
ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ.