ಮಳೆಗೆ ಮುಂಚಿನ ಜೀನಸು

2020ರ ಮಾರ್ಚ್ ಕೊನೆಯಲ್ಲಿ, ಕೊರೋನಾ ಲಾಕ್‌ಡೌನಿನ ಹೊತ್ತಿಗೆ, ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತು. ಒಳದಾರಿಗಳಿಗೂ ಕರ್ನಾಟಕದ ಕಡೆಯಿಂದ ಮಣ್ಣು ಸುರಿದರು. ಆಸ್ಪತ್ರೆಗೂ ಸಗಟು ವ್ಯಾಪಾರಕ್ಕೂ ಮಂಗಳೂರನ್ನೇ ನಂಬಿದ್ದ ಉತ್ತರ ಕಾಸರಗೋಡು ಒಮ್ಮೆಗೇ ಒಂಟಿಯಾಯಿತು. ಆಂಬುಲೆನ್ಸುಗಳನ್ನು ತಡೆದ ಸಂಗತಿ ಕೇರಳ ಹೈಕೋರ್ಟಿನ ಮೆಟ್ಟಿಲೇರಿ ದೇಶಕ್ಕೆಲ್ಲ ಗೊತ್ತಾಯಿತು. ಅಡುಗೆಮನೆಗಳ ಸಂಗತಿ ಅಷ್ಟು ಸುದ್ದಿಯಾಗಲಿಲ್ಲ. ಜಿಲ್ಲೆಯಲ್ಲಿ ಅಂಗಡಿಗಳಿಗೆ ಆಗ ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ ಮಾತ್ರ ಅನುಮತಿ. ನಮ್ಮ ಶಿರಿಯದಿಂದ ತಲಪಾಡಿಗೆ ಇಪ್ಪತ್ತು ಕಿಲೋಮೀಟರೂ ಇಲ್ಲ. ಆ ಸಣ್ಣ ದೂರ ದಾಟಲಾಗದೆ ಹೋದಾಗ, ಮನೆಯ ಡಬ್ಬಿಗಳಲ್ಲಿ ಏನಿದೆ ಎಂದು ಎಲ್ಲರೂ ಮುಚ್ಚಳ ತೆಗೆದು ನೋಡಿಕೊಳ್ಳಬೇಕಾಯಿತು.

ಆ ಏಪ್ರಿಲ್‌ನಲ್ಲಿ ಕೇರಳ ಸರ್ಕಾರ ರೇಷನ್ ಅಂಗಡಿಗಳ ಮೂಲಕ ಉಚಿತ ಅಕ್ಕಿ ಕೊಟ್ಟಿತು. ಆದ್ಯತಾ ಪಟ್ಟಿಯಲ್ಲಿ ಇಲ್ಲದ ಕಾರ್ಡಿಗೂ 15 ಕಿಲೋ ಸಿಕ್ಕಿತು. ಜೊತೆಗೆ ಸಪ್ಲೈಕೋ ಕಟ್ಟಿದ 17 ಸಾಮಾನುಗಳ ಕಿಟ್ ಬಂತು. ಸಕ್ಕರೆ, ಉಪ್ಪು, ಹೆಸರುಕಾಳು, ಕಡಲೆ, ಉದ್ದಿನಬೇಳೆ, ತೊಗರಿಬೇಳೆ, ತೆಂಗಿನೆಣ್ಣೆ, ಗೋಧಿಹಿಟ್ಟು, ರವೆ, ಚಾಪುಡಿ, ಮೆಣಸಿನ ಪುಡಿ, ಸಾಸಿವೆ, ಮೆಂತ್ಯ, ಸಾಬೂನು ಎಲ್ಲ ಅದರಲ್ಲಿದ್ದವು. ಆಪತ್ಕಾಲಕ್ಕೆ ಏನು ಕೂಡಿಡಬೇಕು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಕಾಣುವುದಿಲ್ಲ. ಆ ಚೀಲದಲ್ಲಿ ಅಪರಿಚಿತವಾದದ್ದು ಒಂದೂ ಇರಲಿಲ್ಲ. ದಿನವೂ ಉಣ್ಣುವುದನ್ನೇ ಒಂದಿಷ್ಟು ಹೆಚ್ಚು ಇಟ್ಟುಕೊಂಡರೆ ಅದೇ ಆಪತ್ತಿನ ದಾಸ್ತಾನು. ಮನೆಮಂದಿ ಎಂದೂ ತಿನ್ನದ ಡಬ್ಬಿಗಳನ್ನು ತಂದು ಸಾಲಾಗಿ ಇಟ್ಟರೆ ಅವು ಅಟ್ಟದಲ್ಲಿ ಹಾಳಾಗುತ್ತವೆ, ಅಷ್ಟೆ.

ಈ ಊರುಗಳಿಗೆ ದಾಸ್ತಾನು ಹೊಸದಲ್ಲ. ಆಟಿ ತಿಂಗಳು ದಾಟಲು ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ನೀರು ಮಾವಿನಕಾಯಿ, ಹಪ್ಪಳ, ಒಣಮೀನು, ಬೇಯಿಸಿ ಒಣಗಿಸಿದ ಹಲಸಿನ ಬೀಜದ ಸಾಂತಾಣಿ, ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿ ಇವೆಲ್ಲ ಏಪ್ರಿಲ್-ಮೇ ತಿಂಗಳಲ್ಲೇ ಸಿದ್ಧವಾಗಿರುತ್ತಿದ್ದವು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುತ್ತಿದ್ದುದರಿಂದ ಮಳೆಗಾಲದಲ್ಲೂ ಸಾಮಾನು ಬೂಷ್ಟು ಹಿಡಿಯುತ್ತಿರಲಿಲ್ಲ. ಈಗ ಅಂಥ ಒಲೆ ಹೆಚ್ಚಿನ ಮನೆಗಳಲ್ಲಿ ಇಲ್ಲ, ಬೇಕಾದ್ದು ಬೇಕಾದಾಗ ಅಂಗಡಿಯಿಂದ ಬರುತ್ತದೆ. ಕಾರಣಗಳು ಮಾತ್ರ ಹಾಗೆಯೇ ಉಳಿದಿವೆ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಶಿರಿಯ ಹೊಳೆ 67 ಕಿಲೋಮೀಟರ್ ಹರಿದು ಇಲ್ಲಿ ಕಡಲು ಸೇರುತ್ತದೆ, ಅಳಿವೆಯ ತಗ್ಗಿನಲ್ಲಿ ನೀರು ನಿಲ್ಲುತ್ತದೆ. 2021ರ ಮೇ ತಿಂಗಳ ತೌಕ್ತೇ ಚಂಡಮಾರುತ ಕಾಸರಗೋಡಿನ ತೀರವನ್ನು ಎಷ್ಟು ಕೊರೆಯಿತೆಂದು ಕಡಲ ಬದಿಯವರಿಗೆ ಹೇಳಬೇಕಾಗಿಲ್ಲ. ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಇರುವುದರಿಂದ ಮೀನೂ ಕಡಿಮೆ.

ಹಾಗಾದರೆ ಎಷ್ಟು ಬೇಕು? ಜರ್ಮನಿಯ ನಾಗರಿಕ ರಕ್ಷಣಾ ಇಲಾಖೆ ಹತ್ತು ದಿನದ ಆಹಾರ ಮನೆಯಲ್ಲಿರಲಿ ಎನ್ನುತ್ತದೆ. ಸ್ವೀಡನ್ 2018ರಲ್ಲೂ 2024ರಲ್ಲೂ ಮನೆಮನೆಗೆ ಪುಸ್ತಿಕೆ ಕಳಿಸಿ ಇದೇ ಬಗೆಯ ಸಿದ್ಧತೆ ಕೇಳಿತು. ನಮಗೂ ಹತ್ತು ದಿನ ಒಳ್ಳೆಯ ಅಳತೆ. ದೊಡ್ಡವರೊಬ್ಬರಿಗೆ ದಿನಕ್ಕೆ 300 ಗ್ರಾಂ ಅಕ್ಕಿ, 60 ಗ್ರಾಂ ಬೇಳೆಕಾಳು, 30 ಮಿಲಿಲೀಟರ್ ಎಣ್ಣೆ ಎಂದು ಲೆಕ್ಕ ಹಿಡಿದರೆ, ಐದು ಮಂದಿಯ ಮನೆಗೆ 15 ಕಿಲೋ ಅಕ್ಕಿ, 3 ಕಿಲೋ ಬೇಳೆಕಾಳು, ಒಂದೂವರೆ ಲೀಟರ್ ಎಣ್ಣೆ. ಇದರ ಮೇಲೆ ಉಪ್ಪು, ಬೆಲ್ಲ, ಹುಣಸೆಹುಳಿ, ಚಾಪುಡಿ. ಕಪಾಟಿನ ಒಂದು ಮೂಲೆಯಲ್ಲಿ ಹಿಡಿಯುವಷ್ಟು ಸಾಮಾನು ಅದು. ಪ್ರತಿ ತಿಂಗಳ ಜೀನಸಿನ ಜೊತೆ ಅರ್ಧ ಕಿಲೋ ಬೇಳೆ, ಎರಡು ಕಿಲೋ ಅಕ್ಕಿ ಹೆಚ್ಚು ತಂದರೂ ಕೂಲಿ ಮಾಡುವ ಮನೆ ಮಳೆ ಹಿಡಿಯುವ ಮೊದಲು ಬಹುಪಾಲು ಕೂಡಿಸಿಕೊಳ್ಳಬಹುದು. ಆಪತ್ತು ಬಂದ ದಿನ ಅಂಗಡಿಗೆ ಓಡಿ ಮೂಟೆ ಹೊತ್ತು ತರುವುದು ಬೇರೆ ಮಾತು. ಅಂದು ಒಬ್ಬರು ಹೆಚ್ಚು ಒಯ್ದದ್ದು, ಆ ದಿನದ ಸಂಬಳ ಹಿಡಿದು ಸಂಜೆ ಬರುವ ಇನ್ನೊಬ್ಬರ ಪಾಲು. ನೆಮ್ಮದಿಯ ತಿಂಗಳಲ್ಲಿ ಕೊಂಡರೆ ಯಾರ ಪಾಲೂ ಕಡಿಮೆಯಾಗುವುದಿಲ್ಲ.

ಅಕ್ಕಿಯ ಲೆಕ್ಕ ಹಾಕುವಾಗ ಹೆಚ್ಚಿನವರು ಮರೆಯುವುದು ಬೆಂಕಿಯನ್ನು. ನಮ್ಮ ಕೆಂಪು ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು, ಧಾರಾಳ ನೀರೂ ಬೇಕು. ಸಿಲಿಂಡರ್ ಮುಗಿದು, ಕಟ್ಟಿಗೆ ಒದ್ದೆಯಾಗಿ, ಅಂಗಳದಲ್ಲಿ ನೀರು ನಿಂತ ದಿನ ಮೂಟೆ ತುಂಬ ಕುಚ್ಚಲಕ್ಕಿ ಇದ್ದರೂ ಊಟ ಇಲ್ಲ. ಇದಕ್ಕೆ ಕೇರಳದಲ್ಲೇ ಒಂದು ಉತ್ತರ ಇದೆ. ಕೇರಳ ಶಾಸ್ತ್ರಸಾಹಿತ್ಯ ಪರಿಷತ್ತು ಮನೆಮನೆಗೆ ಮುಟ್ಟಿಸಿದ ಚೂಡಾರಾಪೆಟ್ಟಿಯಲ್ಲಿ, ಅಂದರೆ ಬಿಸಿ ಆರದ ಪೆಟ್ಟಿಗೆಯಲ್ಲಿ, ಸ್ವಲ್ಪ ಹೊತ್ತು ಕುದಿಸಿದ ಅಕ್ಕಿಯ ಪಾತ್ರೆಯನ್ನು ಇಟ್ಟು ಮುಚ್ಚಿದರೆ ಉಳಿದ ಬೇಯುವಿಕೆ ಒಳಗಿನ ಶಾಖದಲ್ಲೇ ಆಗುತ್ತದೆ. ಗ್ಯಾಸ್ ಎಷ್ಟೋ ಉಳಿಯುತ್ತದೆ. ಕಟ್ಟಿಗೆ ಒಲೆ ಇನ್ನೂ ಇರುವ ಮನೆಯವರು ಒಂದು ಗೋಣಿ ಗೆರಟೆಯನ್ನು ಮಾಡಿನ ಕೆಳಗೆ ಒಣಗಿಸಿ ಇಡಲಿ. ಅದೂ ದಾಸ್ತಾನೇ.

ಹಾಗಿದ್ದರೂ ಮೊದಲ ಮೂರು ದಿನಕ್ಕೆ ಬೆಂಕಿಯೇ ಬೇಡದ ತಿಂಡಿ ಬೇಕು. ಇಲ್ಲಿ ಅವಲಕ್ಕಿಗೆ ಸಾಟಿಯಿಲ್ಲ. ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ಮಾಡಿದ್ದರಿಂದ ಅದು ಆಗಲೇ ಅರೆಬೆಂದದ್ದು. ತಣ್ಣೀರು ಚಿಮುಕಿಸಿ ಬೆಲ್ಲ, ಕಾಯಿತುರಿ ಕಲಸಿದರೆ ಊಟ. ಅದರ ಜೊತೆ ಹುರಿಗಡಲೆ, ರಸ್ಕ್, ಬಿಸ್ಕೆಟ್ ಇರಲಿ. ಖರ್ಜೂರವೂ ಇರಲಿ. ಗಲ್ಫಿನಿಂದ ಬರುವ ಪೆಟ್ಟಿಗೆಗಳಲ್ಲಿ ಖರ್ಜೂರ, ಹಾಲಿನ ಪುಡಿ ಹೇಗೂ ಇರುತ್ತವೆ. ಅವನ್ನು ಬಂದ ವಾರದಲ್ಲೇ ಖಾಲಿ ಮಾಡದೆ ಒಂದೊಂದು ಡಬ್ಬಿ ತೆಗೆದಿಟ್ಟರೆ ಸಾಕು. ಕರೆಂಟು ಹೋದರೆ ಮಿಕ್ಸಿ, ಗ್ರೈಂಡರ್ ನಡೆಯುವುದಿಲ್ಲ ಎಂಬುದೂ ನೆನಪಿರಲಿ. ಅರೆಯುವ ಕಲ್ಲು ಇಲ್ಲದ ಮನೆಗೆ ಸಾಂಬಾರುಪುಡಿ, ಸಾರಿನ ಪುಡಿ, ಉಪ್ಪಿನಕಾಯಿ ಆಗ ದೊಡ್ಡ ಆಸರೆ.

ಕರಾವಳಿಯಲ್ಲಿ ಸಾಮಾನನ್ನು ಕಾಯುವುದೇ ದೊಡ್ಡ ಕೆಲಸ. ಅಕ್ಕಿಯಲ್ಲಿ ನೀರಿನಂಶ ನೂರಕ್ಕೆ 14ರ ಒಳಗಿದ್ದರೆ ಬೂಷ್ಟು ಹತ್ತುವುದಿಲ್ಲ. ಆದರೆ ಧಾನ್ಯ ಗಾಳಿಯ ತೇವವನ್ನು ಹೀರುತ್ತದೆ. ಜುಲೈಯ ಗಾಳಿಯಲ್ಲಿ ಬಾಯಿ ತೆರೆದಿಟ್ಟ ಚೀಲ ಕೆಲವೇ ವಾರಗಳಲ್ಲಿ ಆ ಗಡಿ ದಾಟುತ್ತದೆ. ಹುಳ ಬಿದ್ದ ಅಕ್ಕಿಯ ಒಂದು ಕಾಳನ್ನು ಬೆಳಕಿಗೆ ಹಿಡಿದು ನೋಡಿ. ಬದಿಯಲ್ಲಿ ಸೂಜಿಯಿಂದ ಚುಚ್ಚಿದಷ್ಟು ದುಂಡಗಿನ ತೂತು, ಒಳಗೆ ಟೊಳ್ಳು, ಅಂಗೈಯಲ್ಲಿ ಬಿಳಿ ಹುಡಿ. ಉದ್ದ ಮೂತಿಯ ಕಪ್ಪು ಹುಳ ಕಾಳನ್ನು ಕೊರೆದು ಒಳಗೇ ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತದೆ. ಮರಿ ಅಲ್ಲೇ ತಿಂದು ಬೆಳೆದು ಸುಮಾರು ಒಂದು ತಿಂಗಳಲ್ಲಿ ಹುಳವಾಗಿ ಕಾಳನ್ನು ಕೊರೆದು ಹೊರಬರುತ್ತದೆ, ಕಾಣುವ ತೂತು ಅದರದೇ. ಹಾಗಾಗಿ ಅಂಗಡಿಯಲ್ಲಿ ಶುದ್ಧವಾಗಿ ಕಂಡ ಅಕ್ಕಿಯಲ್ಲೂ ಮೊಟ್ಟೆ ಇರಬಹುದು. ಬೇವಿನ ಸೊಪ್ಪು, ಒಣಮೆಣಸು ಹಾಕುವ ರೂಢಿ ಕೆಟ್ಟದಲ್ಲ. ಆದರೆ ಗಟ್ಟಿ ಮುಚ್ಚಳದ ಡ್ರಮ್ಮಿನಲ್ಲಿ ಕಂಠಮಟ್ಟ ತುಂಬಿ, ನಡುನಡುವೆ ತೆಗೆಯದೆ ಇಡುವುದು ಅದಕ್ಕಿಂತ ಉತ್ತಮ, ಏಕೆಂದರೆ ಒಳಗಿನ ಗಾಳಿ ಮುಗಿದರೆ ಹುಳಕ್ಕೆ ಉಸಿರಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಒಣಗಿಸಿ, ಆರಿದ ಮೇಲೆ ತುಂಬಿ. ಡ್ರಮ್ಮನ್ನು ನೆಲಕ್ಕೆ, ಗೋಡೆಗೆ ತಾಗಿಸಬೇಡಿ. ನೀರು ನುಗ್ಗುವ ಜಾಗವಾದರೆ ಮಂಚದೆತ್ತರಕ್ಕಿಂತ ಮೇಲೆ ಇಡಿ.

ತವುಡು ಇರುವ ಅಕ್ಕಿಯಲ್ಲಿ ಎಣ್ಣೆಯಂಶ ಇರುವುದರಿಂದ ಅದು ಪಾಲಿಶ್ ಮಾಡಿದ ಬಿಳಿ ಅಕ್ಕಿಗಿಂತ ಬೇಗ ಕಮಟು ಹಿಡಿಯುತ್ತದೆ. ಗೋಧಿಹಿಟ್ಟು ಇನ್ನೂ ಬೇಗ. ರವೆಯನ್ನು ಬೆಚ್ಚಗೆ ಹುರಿದು ಆರಿಸಿ ತುಂಬಿದರೆ ಹುಳದ ಮೊಟ್ಟೆ ಸಾಯುತ್ತದೆ. ನೆಲಗಡಲೆಯಲ್ಲಿ, ಕೊಬ್ಬರಿಯಲ್ಲಿ ಹಸಿರು-ಹಳದಿ ಬೂಷ್ಟು ಕಂಡರೆ ತೊಳೆದು ಒರಸಿ ತಿನ್ನಬಾರದು. ಅದು ಬಿಡುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ವಿಷ, ಹುರಿದರೂ ಪೂರ್ತಿ ಹೋಗುವುದಿಲ್ಲ.

ಮನೆಮಂದಿ ತಿನ್ನುವಂಥದ್ದಾದರೆ ಡಬ್ಬಿ ಆಹಾರವೂ ದಾಸ್ತಾನಿಗೆ ಆಗುತ್ತದೆ. ಅದರ ಕತೆ ಫ್ರಾನ್ಸಿನಲ್ಲಿ ಶುರುವಾದದ್ದು. ಗಾಜಿನ ಬಾಟಲಿಯಲ್ಲಿ ಆಹಾರ ತುಂಬಿ, ಮುಚ್ಚಿ, ಕುದಿಸಿ ಕಾಯುವ ವಿಧಾನವನ್ನು ನಿಕೊಲಾ ಅಪೇರ್ 1810ರಲ್ಲಿ ಪ್ರಕಟಿಸಿ 12,000 ಫ್ರಾಂಕ್ ಬಹುಮಾನ ಪಡೆದ. ಅದರ ಇಂದಿನ ರೂಪಕ್ಕೆ ನಮ್ಮ ಮೈಸೂರಿನ ನಂಟಿದೆ. 1961ರಲ್ಲಿ ಅಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾಲಯ ಸೈನಿಕರಿಗಾಗಿ ರೂಪಿಸಿದ, ಅನ್ನ-ಪಲ್ಯವನ್ನು ಪದರದ ಪೊಟ್ಟಣದಲ್ಲಿ ಮುಚ್ಚಿ ಸುಮಾರು 121 ಡಿಗ್ರಿ ಶಾಖ ಕೊಡುವ ತಂತ್ರದಿಂದಲೇ ಎಂಟಿಆರ್‌ನ ಬಿಸಿಮಾಡಿ ಉಣ್ಣುವ ಊಟ ಅಂಗಡಿಗೆ ಬಂತು. ಫ್ರಿಜ್ ಬೇಡದ ಟೆಟ್ರಾ ಪ್ಯಾಕ್ ಹಾಲನ್ನೂ ಹೆಚ್ಚಿನ ಶಾಖದಲ್ಲಿ ಕೆಲವೇ ಸೆಕೆಂಡು ಕಾಯಿಸಿ ಮುಚ್ಚಿರುತ್ತಾರೆ. ತೆರೆದ ಮೇಲೆ ಅದಕ್ಕೂ ಸಾಮಾನ್ಯ ಹಾಲಿಗೂ ವ್ಯತ್ಯಾಸ ಇಲ್ಲ, ಆದ್ದರಿಂದ ಕರೆಂಟಿಲ್ಲದ ದಿನಗಳಿಗೆ ಸಣ್ಣ ಪೊಟ್ಟಣವೇ ಸರಿ. ಉಬ್ಬಿದ ಡಬ್ಬಿ, ತೆರೆಯುವಾಗ ಒಳಗಿಂದ ಚಿಮ್ಮುವ ಡಬ್ಬಿ, ಅಂಚು ತುಕ್ಕು ತಿಂದದ್ದು, ಇವನ್ನು ರುಚಿಯನ್ನೂ ನೋಡದೆ ಎಸೆಯಬೇಕು. ಬಾಟ್ಯುಲಿನಮ್ ಎಂಬ ಜೀವಾಣುವಿನ ವಿಷ ಒಂದು ತುತ್ತಿನಲ್ಲೇ ಪ್ರಾಣಕ್ಕೆ ಮುಟ್ಟಬಹುದು.

ನೀರು ಎಲ್ಲಕ್ಕಿಂತ ಮೊದಲು ಕೈಕೊಡುವುದು. ಅಳಿವೆಯ ಬದಿಯ ಬಾವಿಗೆ ಉಪ್ಪುನೀರು ಸೇರಿದರೆ ಎಷ್ಟು ಕುದಿಸಿದರೂ ಉಪ್ಪು ಹೋಗುವುದಿಲ್ಲ. ಬಾವಿ ಚೆನ್ನಾಗಿದ್ದರೂ ಕರೆಂಟಿಲ್ಲದೆ ಮೋಟಾರು ನಡೆಯದು. ಪಂಪು ಕೂರಿಸಿದ ಮೇಲೆ ರಾಟೆ, ಹಗ್ಗ ಬಿಚ್ಚಿ ಎಲ್ಲೋ ಎಸೆದ ಮನೆಗಳು ಎಷ್ಟಿಲ್ಲ! ಕುಡಿಯಲು, ಅಡುಗೆಗೆ ತಲೆಗೆ ನಾಲ್ಕು ಲೀಟರಿನಂತೆ ಮೂರು ದಿನಕ್ಕೆ ಐದು ಮಂದಿಗೆ 60 ಲೀಟರ್ ಬೇಕು. ಮಳೆಯ ಎಚ್ಚರಿಕೆ ಬಂದ ಕೂಡಲೇ ಮುಚ್ಚಳವಿರುವ ಕ್ಯಾನು, ಕೊಡಪಾನಗಳನ್ನು ತುಂಬಿಸಿಡಿ. ಹಸುಗೂಸಿನ ಹಾಲಿನ ಪುಡಿಯನ್ನು ಕುದಿಸಿದ ನೀರಿನಲ್ಲೇ ಕಲಸಬೇಕು. ಸಕ್ಕರೆ ಕಾಯಿಲೆಯವರಿರುವ ಮನೆಯಲ್ಲಿ ಬಿಸ್ಕೆಟ್, ಬೆಲ್ಲಕ್ಕೆ ಬದಲು ಹುರಿಗಡಲೆ, ಹೆಸರುಕಾಳು ಹೆಚ್ಚಿರಲಿ, ಮಾತ್ರೆಯೂ ಎರಡು ವಾರಕ್ಕಾಗುವಷ್ಟು ಇರಲಿ.

ಕೊಳ್ಳುವಾಗ, "ಅಣ್ಣಾ, ಹಿಂದಿನ ಸಾಲಿನಿಂದ ಒಂದು ಕೊಡಿ" ಎಂದು ಕೇಳಿ ಪೊಟ್ಟಣ ತಿರುಗಿಸಿ ನೋಡಿದರೆ ಯಾವ ಅಂಗಡಿಯವರೂ ಬೇಸರಿಸುವುದಿಲ್ಲ. 'ಬೆಸ್ಟ್ ಬಿಫೋರ್' ಎಂದಿದ್ದರೆ ಆ ದಿನದವರೆಗೆ ರುಚಿ, ಗುಣ ಪೂರ್ತಿ ಇರುತ್ತದೆ ಎಂದರ್ಥ. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಎಂದಿದ್ದರೆ ಆ ದಿನದ ಮೇಲೆ ತಿನ್ನಬಾರದು. ತಂದ ತಿಂಗಳನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದು, ಹೊಸದನ್ನು ಹಿಂದಕ್ಕೂ ಹಳೆಯದನ್ನು ಮುಂದಕ್ಕೂ ಇಡಬೇಕು. ಮೇ ತಿಂಗಳಲ್ಲಿ ತುಂಬಿದ ಅವಲಕ್ಕಿ ಅಷ್ಟಮಿಗೆ, ಬೆಲ್ಲ ಚೌತಿಗೆ, ಬೇಳೆ ಓಣಂ ಊಟಕ್ಕೆ ಖರ್ಚಾಗಲಿ. ಬಿಸಿಲು ಬಂದ ಮೇಲೆ ಡ್ರಮ್ಮನ್ನು ತೊಳೆದು ಒಣಗಿಸಿ, ಆ ವರ್ಷದ ಹೊಸ ಅಕ್ಕಿಯನ್ನು ಅದರಲ್ಲಿ ತುಂಬಿಸಬಹುದು.